ಅರ್ಧಕ್ಕೆ ಮುಚ್ಚಿಟ್ಟ ಪುಸ್ತಕ: ಹಳೆಯ ಗಾಯ, ದೇಹದ ನಾಚಿಕೆ ಮತ್ತು ಓದು

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಊರು ಕುಮಟಾ ಹತ್ತಿರ, ಕೆಲಸ ಕಾರವಾರದಲ್ಲಿ. 11ನೇ ವಯಸ್ಸಿನಲ್ಲಿ ಹತ್ತಿರದ ಸಂಬಂಧಿಯೊಬ್ಬರಿಂದ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಆಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ. ಅದಾದ ಮೇಲೆ ತಿನ್ನುವುದು ಜಾಸ್ತಿಯಾಗಿ ತುಂಬಾ ದಪ್ಪ ಆದೆ. ಮದುವೆ ಮನೆಗೆ ಹೋದರೂ ಜಾತ್ರೆಗೆ ಹೋದರೂ ನನ್ನ ಮೈ ಬಗ್ಗೆಯೇ ಮಾತು. ಕನ್ನಡಿ ನೋಡುವುದು, ಫೋಟೋ ತೆಗೆಸಿಕೊಳ್ಳುವುದು ಬಿಟ್ಟಿದ್ದೇನೆ. ನನ್ನ ವಿಷಯ ಗೊತ್ತಿರುವ ಒಬ್ಬಳೇ ಗೆಳತಿ ಅಮೆರಿಕದ ಲೇಖಕಿ ರಾಕ್ಸಾನ್ ಗೇ ಅವರ ಆತ್ಮಕತೆ ‘ಹಂಗರ್’ ಕೊಟ್ಟಳು. ಒಂದೇ ರಾತ್ರಿ ಅರ್ಧದವರೆಗೆ ಓದಿದೆ. ನನ್ನ ಒಳಗಿರುವುದನ್ನೇ ಯಾರೋ ಬರೆದಿದ್ದಾರೆ ಅನ್ನಿಸಿತು. ಆದರೆ ಆಮೇಲೆ ಎರಡು ದಿನ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ, ಹಳೆಯದೆಲ್ಲ ಕಣ್ಣ ಮುಂದೆ ಬಂತು. ಪುಸ್ತಕ ಮುಚ್ಚಿಟ್ಟಿದ್ದೇನೆ. ಇಂಥ ಪುಸ್ತಕಗಳಿಂದ ನಿಜವಾಗಿ ಒಳ್ಳೆಯದಾಗುತ್ತದಾ? ಮುಂದೆ ಓದಲಾ, ಬಿಡಲಾ? ಇದರಲ್ಲಿರುವುದನ್ನು ಆಯಿಗೆ, ಅಂದರೆ ಅಮ್ಮನಿಗೆ, ಓದಿ ಹೇಳಿದರೆ ಅವಳಿಗೆ ನನ್ನ ಕಷ್ಟ ಅರ್ಥ ಆಗಬಹುದಾ?

ಉತ್ತರ: ಮೊದಲು ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ. ಹೌದು, ಒಳ್ಳೆಯದಾಗಬಹುದು. ಆದರೆ ನೀವು ಆ ರಾತ್ರಿ ಓದಿದ ರೀತಿಯಲ್ಲಿ ಅಲ್ಲ. ಸದ್ಯಕ್ಕೆ ಆ ಪುಸ್ತಕವನ್ನು ಮುಚ್ಚಿಯೇ ಇಡಿ. ಮುಚ್ಚಿಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ತಡೆಯಲಾಗುತ್ತಿಲ್ಲ ಅಂತ ಗೊತ್ತಾಗಿ ನೀವೇ ನಿಲ್ಲಿಸಿದಿರಿ. 11ನೇ ವಯಸ್ಸಿನಲ್ಲಿ ನಿಲ್ಲಿಸುವ ಅವಕಾಶ ನಿಮಗೆ ಇರಲಿಲ್ಲ. ಈಗ ಇತ್ತು, ನಿಲ್ಲಿಸಿದಿರಿ. ಇಂಥ ಓದಿನಿಂದ ಸಿಗುವ ಒಳ್ಳೆಯದರಲ್ಲಿ ಬಹುಪಾಲು ಈ ಹಿಡಿತದಲ್ಲೇ ಇದೆ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ನಿಮ್ಮ ದೇಹದ ಬಗ್ಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ‘ತಿನ್ನುವುದು ಜಾಸ್ತಿಯಾಗಿ’ ಅಂತ ಬರೆದಿದ್ದೀರಿ. ಅದರಲ್ಲಿ ಒಂದು ತಪ್ಪೊಪ್ಪಿಗೆಯ ದನಿ ಇದೆ. ನಾಲಿಗೆ ಚಪಲ, ಶಿಸ್ತಿಲ್ಲ, ಸೋಮಾರಿ ಅಂತ ಊರವರು ಹೇಳಿದ್ದನ್ನು ನೀವೂ ನಂಬಿದ್ದೀರಿ.

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ತೂಕ ಇಳಿಸುವ ಚಿಕಿತ್ಸೆಯ ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಅಲ್ಲಿ ಒಂದು ವಿಚಿತ್ರ ಕಾಣಿಸಿತು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಬಹಳ ಜನರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ನಡೆದಿತ್ತು. ಅತ್ಯಾಚಾರದ ನಂತರ ದಪ್ಪ ಆದ ಒಬ್ಬ ಹೆಂಗಸಂತೂ, ದಪ್ಪ ಇದ್ದವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ನನಗೆ ಬೇಕಾಗಿರುವುದೂ ಅದೇ ಎಂಬ ಅರ್ಥದ ಮಾತು ಹೇಳಿದಳು. ತೂಕ ಇಳಿದಾಗ ಅವರಿಗೆ ಖುಷಿಯ ಬದಲು ಭಯ ಆಗುತ್ತಿತ್ತು. ಫೆಲಿಟ್ಟಿ ಆಮೇಲೆ ಸಂಶೋಧಕ ರಾಬರ್ಟ್ ಆಂಡಾ ಅವರ ಜೊತೆ ಸೇರಿ ಬಾಲ್ಯದ ಕಹಿ ಅನುಭವಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದರು. ಅದರ ಮೊದಲ ವರದಿ 1998ರಲ್ಲಿ ಬಂತು. ಒಟ್ಟು 17,000ಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡಿದ್ದರು. ಬಾಲ್ಯದಲ್ಲಿ ಆದದ್ದು ದೊಡ್ಡವರಾದ ಮೇಲೆ ಮೈಯ ಆರೋಗ್ಯದಲ್ಲೂ ಕಾಣಿಸಿಕೊಳ್ಳುತ್ತದೆ ಎಂಬುದನ್ನು ವೈದ್ಯಲೋಕ ಗಟ್ಟಿಯಾಗಿ ಒಪ್ಪಿಕೊಂಡದ್ದು ಆಮೇಲೆಯೇ.

ಹಾಗಂತ ದಪ್ಪ ಇದ್ದವರಿಗೆಲ್ಲ ಹಿಂದೆ ಏನೋ ಆಗಿದೆ ಅಂತ ತಿಳಿಯಬಾರದು. ಥೈರಾಯ್ಡ್, ಪಿಸಿಓಡಿ ಎಂಬ ಹಾರ್ಮೋನ್ ತೊಂದರೆ, ಕೆಲವು ಮಾತ್ರೆಗಳು, ಮನೆತನದ ಮೈಕಟ್ಟು, ಕಾರಣ ಹತ್ತಾರು. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಆದರೆ ನಿಮ್ಮ ವಿಷಯದಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ನೀವೇ ಬರೆದಿದ್ದೀರಿ. ಆ ಪುಟ್ಟ ಹುಡುಗಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಊಟ ಕೈಗೆ ಸಿಗುತ್ತಿತ್ತು, ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತಿತ್ತು. ಅವಳು ಉಳಿದುಕೊಳ್ಳಲು ದಾರಿ ಹುಡುಕಿದಳು. ಅದಕ್ಕೆ ಅವಳನ್ನು ಬೈಯಬೇಡಿ.

ಇದನ್ನು ನಾನು ಹೇಳಿದರೆ ನೀವು ‘ಡಾಕ್ಟರು ಸಮಾಧಾನಕ್ಕೆ ಹೇಳ್ತಾರೆ’ ಅಂದುಕೊಳ್ಳಬಹುದು. ಅದೇ ದಾರಿಯಲ್ಲಿ ನಡೆದು ಬಂದವರೊಬ್ಬರು ಹೇಳಿದರೆ ಕಿವಿಗೆ ಬೇರೆ ರೀತಿ ಬೀಳುತ್ತದೆ. ಆತ್ಮಕತೆಯ ಕೆಲಸ ಶುರುವಾಗುವುದು ಇಲ್ಲಿಂದ. ರಾಕ್ಸಾನ್ ಗೇ ಅವರ ಆ ಪುಸ್ತಕ ಬಂದದ್ದು 2017ರಲ್ಲಿ. 12ನೇ ವಯಸ್ಸಿನಲ್ಲಿ ಅವರ ಮೇಲೆ ಗುಂಪಾಗಿ ಅತ್ಯಾಚಾರ ಮಾಡಿದರು. ವರ್ಷಗಟ್ಟಲೆ ಮನೆಯವರಿಗೆ ಹೇಳಲಿಲ್ಲ. ಯಾರೂ ಮುಟ್ಟಬಾರದು ಅಂತ ತಿಂದು ತಿಂದು ಮೈ ಬೆಳೆಸಿದರು. ಇದನ್ನೆಲ್ಲ ಅವರು ಯಾವ ಸಿಂಗಾರವೂ ಇಲ್ಲದೆ ಬರೆದಿದ್ದಾರೆ. ನನಗೆ ಅದರಲ್ಲಿ ಬಹಳ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಇದು ಗೆಲುವಿನ ಕತೆ ಅಲ್ಲ ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಕೊನೆಗೆ ತೆಳ್ಳಗಾಗಿ ನಗುತ್ತಾ ನಿಂತ ಫೋಟೋ ಇಲ್ಲ. ತನ್ನ ದೇಹದ ಜೊತೆ ಇನ್ನೂ ಜಗಳ ಇದೆ, ಆದರೂ ಬದುಕುತ್ತಿದ್ದೇನೆ, ಕೆಲಸ ಮಾಡುತ್ತಿದ್ದೇನೆ, ಪ್ರೀತಿಸುತ್ತಿದ್ದೇನೆ ಅನ್ನುತ್ತಾರೆ.

‘ನಿಮ್ಮ ದೇಹವನ್ನು ಪ್ರೀತಿಸಿ’ ಅನ್ನುವ ಉಪದೇಶದ ಪುಸ್ತಕಗಳು ಬೇಕಾದಷ್ಟಿವೆ. ದೌರ್ಜನ್ಯಕ್ಕೆ ಒಳಗಾದವರಿಗೆ ಅವುಗಳಿಂದ ಆಗುವ ಉಪಯೋಗ ಕಡಿಮೆ. ಎಷ್ಟೋ ಸಲ ಅವು ಹೊಸದೊಂದು ಅಪರಾಧಭಾವ ಕೊಡುತ್ತವೆ. ನನ್ನ ದೇಹವನ್ನು ಪ್ರೀತಿಸಲೂ ನನಗೆ ಬರಲ್ಲ ಅಂತ. ಕನ್ನಡಿ ನೋಡಲೇ ಆಗದವರಿಗೆ ಕನ್ನಡಿ ಮುಂದೆ ನಿಂತು ‘ನಾನು ಸುಂದರಿ’ ಅಂತ ಹೇಳು ಅಂದರೆ ಹೇಗೆ ಅಲ್ವಾ? ಒಳ್ಳೆಯ ಆತ್ಮಕತೆ ಅಷ್ಟು ಕೇಳುವುದಿಲ್ಲ. ದ್ವೇಷ ಇದ್ದರೆ ದ್ವೇಷ ಇರಲಿ, ಅದು ಎಲ್ಲಿಂದ ಬಂತು ನೋಡೋಣ ಅನ್ನುತ್ತದೆ.

ನಾಚಿಕೆ ಬದುಕುವುದು ಒಂಟಿತನದಲ್ಲಿ. ನನ್ನೊಬ್ಬಳಿಗೇ ಹೀಗೆ, ನನ್ನಲ್ಲೇ ಏನೋ ಕೊಳಕಿದೆ ಎಂಬ ನಂಬಿಕೆ ಅದರ ಬೇರು. ಉಪ್ಪು ನೀರಿನ ಹತ್ತಿರ ಹುಟ್ಟಿದ ಕುಮಟಾದ ಹುಡುಗಿಗೂ, ಹೈಟಿಯಿಂದ ಬಂದ ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ಹುಟ್ಟಿದ ಹೆಂಗಸಿಗೂ ಒಂದೇ ಯೋಚನೆ ಬಂದಿದೆ ಎಂದರೆ, ಆ ಯೋಚನೆ ನಿಮ್ಮ ಕೊಳಕಿನಿಂದ ಬಂದದ್ದಲ್ಲ. ಮಾಡಿದವನ ಕೃತ್ಯದಿಂದ ಬಂದದ್ದು. ‘ನನ್ನ ಒಳಗಿರುವುದನ್ನೇ ಯಾರೋ ಬರೆದಿದ್ದಾರೆ’ ಅಂತ ನಿಮಗೆ ಅನ್ನಿಸಿದ ಗಳಿಗೆಯಲ್ಲಿ ಇದು ನಿಮಗೆ ಗೊತ್ತಾಗಿದೆ.

ಪುಸ್ತಕ ಓದಿಸಿ ಮನಸ್ಸಿಗೆ ನೆರವಾಗುವುದನ್ನು ಬಿಬ್ಲಿಯೋಥೆರಪಿ ಅನ್ನುತ್ತಾರೆ. ಈ ಹೆಸರು 1916ರಿಂದ ಬಳಕೆಯಲ್ಲಿದೆ. 1949ರಲ್ಲಿ ಕ್ಯಾರೊಲಿನ್ ಶ್ರೋಡ್ಸ್ ಎಂಬುವರು ತಮ್ಮ ಸಂಶೋಧನೆಯಲ್ಲಿ, ಓದುವಾಗ ಒಳಗೆ ಏನು ನಡೆಯುತ್ತದೆ ಅಂತ ವಿವರಿಸಿದರು. ಮೊದಲು ಪಾತ್ರದಲ್ಲಿ ತನ್ನನ್ನು ಕಾಣುವುದು. ಆಮೇಲೆ ಕಟ್ಟಿಟ್ಟ ಭಾವನೆ ಹೊರಬರುವುದು. ಆಮೇಲೆ ತನ್ನ ಬಗ್ಗೆ ಹೊಸ ತಿಳಿವಳಿಕೆ ಮೂಡುವುದು. ನಿಮಗೆ ಮೊದಲ ಎರಡು ಒಂದೇ ರಾತ್ರಿಯಲ್ಲಿ ಆಗಿಬಿಟ್ಟವು. ಮೂರನೆಯದಕ್ಕೆ ಸಮಯವೇ ಸಿಗಲಿಲ್ಲ. ಕಷಾಯ ಒಳ್ಳೆಯದು ಅಂತ ಯಾರೂ ಪಾತ್ರೆಗಟ್ಟಲೆ ಕುಡಿಯುವುದಿಲ್ಲ ಅಲ್ವಾ? ಇದೂ ಹಾಗೆಯೇ.

ಇಂಥ ಓದು ಒಳ್ಳೆಯದು ಮಾಡುವುದಕ್ಕೆ ಇನ್ನೊಂದು ಕಾರಣ ಇದೆ, ಅದು ಸ್ವಲ್ಪ ಆಳದ್ದು. ಆಘಾತದ ನೆನಪು ತುಂಡು ತುಂಡಾಗಿ ಉಳಿಯುವುದು ಸಾಮಾನ್ಯ. ಒಂದು ವಾಸನೆ, ಬಾಗಿಲ ಸದ್ದು, ಹಂಚಿನ ಸಂದಿಯ ಬೆಳಕು. ಹಿಂದು ಮುಂದು ಇಲ್ಲದೆ ಬರುತ್ತವೆ. ಬಂದಾಗ ಅದು ಈಗಲೇ ನಡೆಯುತ್ತಿದೆ ಅನ್ನಿಸುತ್ತದೆ. ಆತ್ಮಕತೆ ಬರೆದವರು ಅಂಥ ತುಂಡುಗಳನ್ನೇ ಇಟ್ಟುಕೊಂಡು ಒಂದು ಕತೆ ಕಟ್ಟಿರುತ್ತಾರೆ. ಹೀಗಿತ್ತು, ಹೀಗಾಯಿತು, ಆಮೇಲೆ ಇಷ್ಟು ವರ್ಷ ಹೀಗೆ ಕಳೆಯಿತು, ಈಗ ಇಲ್ಲಿದ್ದೇನೆ. ಇದನ್ನು ಓದುವವರಿಗೆ ಒಂದು ವಿಷಯ ಮೆಲ್ಲಗೆ ಮನವರಿಕೆಯಾಗುತ್ತದೆ. ನನ್ನದಕ್ಕೂ ‘ಆಮೇಲೆ’ ಅಂತ ಒಂದಿದೆ. ಅದು ಮುಗಿದ ಘಟನೆ, ನಾನು ಮುಗಿದಿಲ್ಲ.

ಮತ್ತೆ ಹಿಡಿತದ ಮಾತು. ದೌರ್ಜನ್ಯ ಎಂದರೆ ನಿಮ್ಮ ಮೈ ಮೇಲೆ ನಿಮ್ಮ ಮಾತು ನಡೆಯದೇ ಹೋದದ್ದು. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಯ ಮೂರು ಘಟ್ಟಗಳನ್ನು ಹೇಳುತ್ತಾರೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಜನರ ಜೊತೆ ಮತ್ತೆ ಬೆರೆಯುವುದು. ಸುರಕ್ಷತೆ ಇಲ್ಲದೆ ನೆನಪಿಗೆ ಕೈ ಹಾಕಬಾರದು ಎಂಬುದು ಈ ಕೆಲಸ ಮಾಡುವ ಅನೇಕರ ಪಾಠ. ಸಿನಿಮಾದಲ್ಲಿ ಒಂದು ದೃಶ್ಯ ಥಟ್ಟನೆ ಬಂದು ಹೊಡೆಯುತ್ತದೆ. ನೆಂಟರ ಮಾತೂ ಹಾಗೇ ಬರುತ್ತದೆ. ಪುಸ್ತಕ ಮಾತ್ರ ನೀವು ತೆರೆದರೆ ತೆರೆಯುತ್ತದೆ, ಮುಚ್ಚಿದರೆ ಮುಚ್ಚುತ್ತದೆ. ಪುಟ ಹಾರಿಸಬಹುದು. ಕೊನೆಯದನ್ನು ಮೊದಲು ಓದಬಹುದು. ಈ ‘ಸಾಕು’ ಅನ್ನುವ ಅಭ್ಯಾಸ ನಿಮಗೆ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಮದುವೆ ಮನೆಗೇ ಬನ್ನಿ. ನಮ್ಮ ಕಡೆಯ ಊಟದ ಪಂಕ್ತಿ ನಿಮಗೆ ಗೊತ್ತೇ ಇದೆ. ಬೇಡ ಅಂದರೂ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಬಡಿಸಿದ ದೊಡ್ಡಮ್ಮನೇ ಕೈ ತೊಳೆಯುವ ಹೊತ್ತಿಗೆ ‘ಎಂತ ಮಾರಾಯ್ತಿ, ಇಷ್ಟು ದಪ್ಪ ಆಗೋದಾ?’ ಅನ್ನುತ್ತಾರೆ. ಶಿರಸಿ ಮಾರಿಕಾಂಬೆಯ ಜಾತ್ರೆಯ ಗದ್ದಲದಲ್ಲೂ ಯಾರೋ ಹಳೆಯ ಪರಿಚಯದವರು ಮೇಲಿಂದ ಕೆಳಗೆ ನೋಡಿ, ಮದುವೆ ಯಾವಾಗ ಅಂತ ಕೇಳುತ್ತಾರೆ. ಬಹಳ ಜನ ಇದನ್ನು ಅಕ್ಕರೆ ಅಂತಲೇ ತಿಳಿದಿದ್ದಾರೆ. ಕೇಳಿಸಿಕೊಳ್ಳುವವರಿಗೆ ಮಾತ್ರ ತನ್ನ ಮೈ ಮತ್ತೆ ಬೇರೆಯವರ ಕೈಗೆ ಹೋದ ಹಾಗೆ ಆಗುತ್ತದೆ. ಇದನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ. ಕೌನ್ಸೆಲಿಂಗ್‌ಗೆ ಬರುವ ಹೆಣ್ಣುಮಕ್ಕಳಿಗೆ ಮೂಲ ಘಟನೆಯಷ್ಟೇ ಈ ಮಾತುಗಳ ಬಗ್ಗೆಯೂ ಹೇಳಿಕೊಳ್ಳಲು ಇರುತ್ತದೆ.

ಇಂಥ ಮಾತು ಬೇರೆಯವರು ಹೇಗೆ ಎದುರಿಸಿದರು ಅಂತ ಓದುವುದು ನಿಜಕ್ಕೂ ಬಲ ಕೊಡುತ್ತದೆ. ಆಡ್ರೆ ಲಾರ್ಡ್ ಎಂಬ ಅಮೆರಿಕದ ಕವಯಿತ್ರಿ ಸ್ತನ ಕ್ಯಾನ್ಸರ್‌ನ ತಮ್ಮ ದಿನಗಳ ಬಗ್ಗೆ 1980ರಲ್ಲಿ ಒಂದು ಪುಸ್ತಕ ತಂದರು. ಒಂದು ಸ್ತನ ತೆಗೆದ ಮೇಲೆ ಅವರು ಕೃತಕ ಸ್ತನ ಹಾಕಿಕೊಳ್ಳದೆ ಡಾಕ್ಟರ ಹತ್ತಿರ ಹೋದರು. ಅಲ್ಲಿದ್ದ ನರ್ಸ್, ಅದನ್ನು ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಉಳಿದವರ ಧೈರ್ಯ ಕುಂದುತ್ತದೆ ಎಂಬಂತೆ ಮಾತಾಡಿದರು. ಲಾರ್ಡ್ ಅದನ್ನು ನುಂಗಿ ಸುಮ್ಮನಾಗಲಿಲ್ಲ. ನನ್ನ ಎದೆ ಹೇಗಿದ್ದರೆ ನೋಡುವವರಿಗೆ ಹಿತ ಎಂಬುದು ಯಾಕೆ ಇಷ್ಟು ಮುಖ್ಯವಾಯಿತು ಅಂತ ಆ ಒಂದು ಮಾತನ್ನು ಹಿಡಿದು ಯೋಚಿಸಿದರು. ‘ಎಂತ ಮಾರಾಯ್ತಿ’ ಅನ್ನುವವರಿಗೆ ನೀವು ಜೋರಾಗಿ ಉತ್ತರ ಕೊಡಬೇಕಿಲ್ಲ. ಆ ಮಾತು ಯಾರ ಹಿತಕ್ಕೆ ಬಂದದ್ದು ಅಂತ ಒಳಗೆ ಕೇಳಿಕೊಳ್ಳುವಷ್ಟು ಜಾಗ ಸಿಕ್ಕರೂ ಸಾಕು.

ಕನ್ನಡದಲ್ಲೂ ಓದಲು ಇದೆ. ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಸ್ತನ ಕ್ಯಾನ್ಸರ್ ಜೊತೆಗಿನ ಅವರ ಅನುಭವದ ಪುಸ್ತಕ. ನಿಮ್ಮ ಘಟನೆಗೂ ಅದಕ್ಕೂ ಸಂಬಂಧ ಇಲ್ಲ. ನಾನು ನಿಮಗೆ ಅದನ್ನು ಹೇಳುತ್ತಿರುವುದೂ ಅದಕ್ಕಾಗಿಯೇ. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿ ಅವರ ಆತ್ಮಕತೆಯನ್ನು ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ, ‘ಬದುಕು ಬಯಲು’ ಅಂತ. ಹುಟ್ಟಿದ ದೇಹ ತನ್ನದಲ್ಲ ಅನ್ನಿಸಿದವರೊಬ್ಬರು, ಊರ ಹಿಂಸೆಯ ನಡುವೆ ತನ್ನ ದೇಹವನ್ನು ತನ್ನದು ಮಾಡಿಕೊಂಡ ಕತೆ ಅದು. ಅದರಲ್ಲಿ ಹಿಂಸೆಯ ಭಾಗಗಳಿವೆ, ಈಗಲೇ ಬೇಡ, ಮುಂದೆ ಎಂದಾದರೂ ಓದಿ. ಆಸಿಡ್ ದಾಳಿಗೆ ಒಳಗಾದ ರೇಷ್ಮಾ ಖುರೇಷಿ ಅವರ ಪುಸ್ತಕ 2018ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆ. ಅದಕ್ಕೂ ಇದೇ ಮಾತು.

ಹೆಣ್ಣುಮಕ್ಕಳು ‘ನನಗೆ ಹೀಗಾಯ್ತು’ ಅಂತ ಎಲ್ಲರೆದುರು ಹೇಳುವುದು ಪೇಟೆಯವರ, ಓದಿದವರ ಅಭ್ಯಾಸ ಅಂತ ಕೆಲವರಿಗೆ ಅನ್ನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಹಾಗಿರಲಿಲ್ಲ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿ ಸಮುದಾಯದ ಹೆಂಗಸರ ನೂರಾರು ಹಾಡುಗಳನ್ನು ಅವರು ಬಾಯಲ್ಲೇ ಉಳಿಸಿಕೊಂಡಿದ್ದರು. ಕೆಲಸ ಮಾಡುತ್ತಾ ಒಟ್ಟಿಗೆ ಹಾಡುವ ಹಾಡಿನಲ್ಲಿ ಹೆಣ್ಣಿನ ದುಃಖಕ್ಕೆ ಜಾಗ ಇತ್ತು. ಒಬ್ಬಳು ಶುರು ಮಾಡಿದರೆ ಹತ್ತು ಜನ ದನಿ ಕೂಡಿಸುತ್ತಿದ್ದರು. ನಾವು ಈಗ ಪುಸ್ತಕ ಹಿಡಿದು ಕೂತಿರುವುದು ಆ ದನಿ ಕೂಡಿಸುವವರು ಕಡಿಮೆಯಾದ ಕಾಲದಲ್ಲಿ.

ಈಗ ಅಪಾಯದ ಕಡೆ. ಇದನ್ನು ಬೇಗ ಹೇಳಿ ಮುಗಿಸುವ ಹಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಊಟದ ತೊಂದರೆ ಇರುವವರಿಗೆ. ದಿನಗಟ್ಟಲೆ ಉಪವಾಸ ಬೀಳುವುದು, ಒಮ್ಮೆಲೇ ಸಿಕ್ಕಾಪಟ್ಟೆ ತಿಂದು ಬೆರಳು ಹಾಕಿ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ಇಂಥದ್ದು ಏನಾದರೂ ನಿಮಗೆ ಇದ್ದರೆ ದೇಹದ ಬಗ್ಗೆ ಇರುವ ಆತ್ಮಕತೆಗಳನ್ನು ಒಬ್ಬರೇ ಓದಬೇಡಿ. ಎಮಿಲಿ ಟ್ರೊಸ್ಯಾಂಕೊ ಎಂಬ ಸಂಶೋಧಕಿ ಸುಮಾರು 900 ಜನರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2018ರಲ್ಲಿ ಪ್ರಕಟವಾಯಿತು. ಊಟದ ತೊಂದರೆ ಇದ್ದವರಿಗೆ, ಅದೇ ತೊಂದರೆಯ ಬಗ್ಗೆ ಇರುವ ಕತೆ ಕಾದಂಬರಿ ಓದಿದಾಗ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಗಿತ್ತು. ಬೇರೆ ವಿಷಯದ, ತಮಗೆ ಇಷ್ಟವಾದ ಪುಸ್ತಕಗಳು ಅವರಿಗೆ ಹಿತವಾಗಿದ್ದವು. ಅದು ಕತೆಗಳ ಬಗ್ಗೆ ಕೇಳಿದ್ದು, ನಿಜ. ಆದರೆ ಆತ್ಮಕತೆಗೂ ಅದೇ ಎಚ್ಚರ ಬೇಕು ಅಂತ ನನ್ನ ಅಭಿಪ್ರಾಯ. ಎಷ್ಟು ಕೆಜಿ ಇದ್ದೆ, ಎಷ್ಟು ಇಳಿಸಿದೆ, ದಿನಕ್ಕೆ ಏನು ತಿಂದೆ ಎಂಬ ಲೆಕ್ಕ ಬರೆದಿರುವ ಪುಟಗಳು ನೊಂದವರಿಗೆ ಪಾಠದ ಹಾಗೆ ಕಾಣುತ್ತವೆ. ಅದನ್ನೇ ಮಾಡಿ ನೋಡುವ ಆಸೆ ಬರುತ್ತದೆ. ‘ಸಾಸಿವೆ ತಂದವಳು’ ಹೇಳಿದ್ದು ಇದೇ ಕಾರಣಕ್ಕೆ. ಬದಲಾದ ದೇಹದ ಜೊತೆ ಬದುಕುವುದರ ಕತೆ ಅದರಲ್ಲಿದೆ, ಆದರೆ ನಿಮ್ಮ ಗಾಯದ ಮೇಲೆ ನೇರವಾಗಿ ಕೈ ಇಡುವುದಿಲ್ಲ.

ಎರಡನೆಯ ಅಪಾಯ ಹೋಲಿಕೆ. ‘ಅವರಿಗೆ ಆದದ್ದು ನನಗಿಂತ ಘೋರ, ನಾನು ಸುಮ್ನೆ ಅಳುತ್ತಿದ್ದೇನೆ’ ಅಂತ ಕೆಲವರಿಗೆ ಅನ್ನಿಸುತ್ತದೆ. ‘ಅವರು ಲೋಕಕ್ಕೇ ಹೇಳಿದರು, ನನಗೆ ಆಯಿಗೆ ಹೇಳಲೂ ಧೈರ್ಯ ಇಲ್ಲ’ ಅಂತ ಇನ್ನು ಕೆಲವರಿಗೆ. ಪುಸ್ತಕ ಬರೆದವರು ಎಷ್ಟೋ ವರ್ಷ ಸುಮ್ಮನಿದ್ದು, ನೆರವು ಪಡೆದು, ತಿದ್ದಿ ತೀಡಿ ಬರೆದಿರುತ್ತಾರೆ. ಅವರ ಕೊನೆಯ ಪ್ರತಿಯನ್ನು ನಿಮ್ಮ ಮೊದಲ ದಿನದ ಜೊತೆ ಇಟ್ಟು ತೂಗಬೇಡಿ. ಹಾಗೆಯೇ, ಒಂದು ಅಧ್ಯಾಯ ಓದಿದ ಬಿಸಿಯಲ್ಲಿ ಆ ಸಂಬಂಧಿಗೆ ಫೋನ್ ಮಾಡಿ ಬೈಯುವ ಮನಸ್ಸಾಗಬಹುದು. ಮಾಡಬೇಡಿ. ಆ ಕೆಲಸಕ್ಕೆ ಬೇರೆ ತಯಾರಿ ಬೇಕು. ಆದರೆ ಆತ ಈಗಲೂ ಸಣ್ಣ ಮಕ್ಕಳಿರುವ ಮನೆಗೆ ಓಡಾಡಿಕೊಂಡಿದ್ದು, ಯಾವುದಾದರೂ ಮಗುವಿನ ಬಗ್ಗೆ ನಿಮಗೆ ಅನುಮಾನ ಇದ್ದರೆ, ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು ಮುಂದೆ ಹೇಗೆ ಓದಬೇಕು ಅಂತ ಹೇಳುತ್ತೇನೆ.

ರಾತ್ರಿ ಬೇಡ. ಅದರಲ್ಲೂ ಮಳೆಗಾಲದಲ್ಲಿ ಕರೆಂಟು ಹೋದ ರೂಮಿನಲ್ಲಿ, ಹಾಸಿಗೆಯಲ್ಲಿ ಮಲಗಿಕೊಂಡು, ಮೊಬೈಲ್ ಬೆಳಕಿನಲ್ಲಿ ಬೇಡವೇ ಬೇಡ. ಹಗಲು ಹೊತ್ತಿನಲ್ಲಿ, ನಾಲ್ಕು ಜನ ಓಡಾಡುವ ಕಡೆ ಕುಳಿತು ಓದಿ. ಕಾರವಾರದಲ್ಲಿ ಟ್ಯಾಗೋರ್ ಕಡಲತೀರದ ಕಟ್ಟೆ ಇದೆ, ಜಿಲ್ಲಾ ಗ್ರಂಥಾಲಯ ಇದೆ. ರಕ್ಷಾಪುಟ ನೋಡಿ ಯಾರಾದರೂ ಕೇಳುತ್ತಾರೆ ಅನ್ನುವ ಅಳುಕಿದ್ದರೆ ಪೇಪರ್ ಬೈಂಡ್ ಹಾಕಿಕೊಳ್ಳಿ. ಒಮ್ಮೆಗೆ ನಾಲ್ಕೈದು ಪುಟ ಸಾಕು. ಮುಂದೇನು ಎಂಬ ಕುತೂಹಲ ಎಳೆದರೂ ನಿಲ್ಲಿಸಿ. ಘಟನೆಯನ್ನು ವಿವರಿಸುವ ಅಧ್ಯಾಯ ಎಲ್ಲಿದೆ ಅಂತ ಗೆಳತಿಯನ್ನು ಕೇಳಿ ತಿಳಿದುಕೊಂಡು ಅದನ್ನು ಬಿಟ್ಟೇ ಓದಿ. ಅದನ್ನು ಓದದಿದ್ದರೆ ಪುಸ್ತಕ ಅರ್ಥ ಆಗದೇ ಇರುವುದಿಲ್ಲ. ಅದು ನಿಮಗೆ ಮೊದಲೇ ಗೊತ್ತಿದೆ.

ಓದುವಾಗ ನಿಮ್ಮ ಮೈ ಏನು ಹೇಳುತ್ತಿದೆ ನೋಡಿ. ಅಳು ಬಂದರೆ ಹೆದರಬೇಡಿ, ಅಳು ಬಂದು ಹೋಗುವುದು ಒಳ್ಳೆಯದೇ. ಆದರೆ ಎದೆ ಬಡಿತ ಏರಿ ಇಳಿಯದಿದ್ದರೆ, ಕೈಕಾಲು ಜೋಮು ಹಿಡಿದ ಹಾಗಾದರೆ, ಸುತ್ತಲಿನ ಸದ್ದು ದೂರದಿಂದ ಬಂದ ಹಾಗೆ ಕೇಳಿದರೆ, ಅದು ನಿಲ್ಲಿಸುವ ಸೂಚನೆ. ಪುಸ್ತಕ ಮುಚ್ಚಿ ಎದ್ದು ನಿಲ್ಲಿ. ಚಪ್ಪಲಿ ಬಿಟ್ಟು ಮರಳಿನ ಮೇಲೆ ಕಾಲಿಡಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ, ದೋಣಿ, ಗಾಳಿಮರ, ಏನಿದೆಯೋ ಅದು. ಕೇಳುವ ನಾಲ್ಕು ಸದ್ದು. ಇಂದು ಯಾವ ವಾರ, ನನಗೆ ಈಗ 28 ವರ್ಷ, ನಾನು ಕಾರವಾರದಲ್ಲಿದ್ದೇನೆ ಅಂತ ಹೇಳಿಕೊಳ್ಳಿ. ಮನಸ್ಸು ಅಂದಿನಿಂದ ಇಂದಿಗೆ ಮರಳಲು ಇದು ನೆರವಾಗುತ್ತದೆ. ಓದು ಸರಿಹೋಯಿತಾ ಇಲ್ಲವಾ ಅಂತ ತೀರ್ಮಾನ ಮಾಡುವುದು ಮರುದಿನ. ನಿದ್ದೆ, ಊಟ, ಕೆಲಸ ಎಂದಿನಂತೆ ಇದ್ದರೆ ಆ ಪ್ರಮಾಣ ಸರಿ ಇದೆ. ಇಲ್ಲದಿದ್ದರೆ ಕಡಿಮೆ ಮಾಡಿ, ಅಥವಾ ಕೆಲವು ತಿಂಗಳು ಬಿಟ್ಟುಬಿಡಿ.

ಓದಿದ ಮೇಲೆ ಬರೆಯಬೇಕು ಅನ್ನಿಸಿದರೆ ಬರೆಯಿರಿ. ಜೇಮ್ಸ್ ಪೆನ್ನಿಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ನೋವಿನ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದ್ದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರಿಗೆ ಮನಸ್ಸು ಭಾರವಾಗಿತ್ತು, ಇದೂ ನೆನಪಿರಲಿ. ನೀವು ಘಟನೆಯನ್ನು ಬರೆಯಲು ಹೋಗಬೇಡಿ. ಇವತ್ತು ಓದಿದ ಯಾವ ಸಾಲಿಗೆ ‘ಹೌದು’ ಅನ್ನಿಸಿತು, ಯಾವುದಕ್ಕೆ ‘ನನಗೆ ಹಾಗಲ್ಲ’ ಅನ್ನಿಸಿತು, ಅಷ್ಟು ಬರೆದರೆ ಸಾಕು. ‘ನನಗೆ ಹಾಗಲ್ಲ’ ಅನ್ನುವ ಸಾಲುಗಳನ್ನು ಬಿಡಬೇಡಿ. ನಿಮ್ಮ ಕತೆ ನಿಮ್ಮದೇ ಅಂತ ಗೊತ್ತಾಗುವುದು ಅಲ್ಲಿ.

ಗೆಳತಿಯ ಬಗ್ಗೆ ನನಗೆ ಗೌರವ ಇದೆ. ಅವಳು ಓದು ಅಂತ ಒತ್ತಾಯ ಮಾಡಿದರೆ, ‘ಜೊತೆಗೆ ಕೂತು ಓದೋಣ, ನಾನು ಸಾಕು ಅಂದಾಗ ನಿಲ್ಲಿಸೋಣ’ ಅಂತ ಹೇಳಿ.

ಪುಸ್ತಕ ಚಿಕಿತ್ಸೆಯ ಜಾಗ ತುಂಬುವುದಿಲ್ಲ. ಎರಡು ದಿನ ನಿದ್ದೆ ಊಟ ಬಿಡುವಷ್ಟು ನೆನಪು ಮರುಕಳಿಸಿದೆ ಎಂದರೆ ನಿಮಗೆ ಒಬ್ಬ ಮನುಷ್ಯರ ನೆರವು ಬೇಕು. ಇದಕ್ಕೆ ಚಿಕಿತ್ಸೆ ಇದೆ. ಆಘಾತವನ್ನು ಗುರಿಯಾಗಿಟ್ಟ ಸಿಬಿಟಿ (ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ನೆನಪಿನ ತೀವ್ರತೆ ತಗ್ಗಿಸುವ ಚಿಕಿತ್ಸೆ) ಎಂಬ ಎರಡು ವಿಧಾನಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಊರಲ್ಲಿ ಇರುವಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕಾರ್ಯಕ್ರಮದ ತಪಾಸಣೆ ಯಾವ ದಿನ ಅಂತ ವಿಚಾರಿಸಿ. ಗುರುತಿನವರು ನೋಡುತ್ತಾರೆ ಎಂಬ ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕೇ ಬೇಡ ಅನ್ನಿಸಿದ ಗಳಿಗೆಯಲ್ಲಿ ಪುಸ್ತಕ ಹುಡುಕಬೇಡಿ, ಈ ನಂಬರಿಗೆ ಫೋನ್ ಮಾಡಿ.

ಕೊನೆಯದಾಗಿ ಆಯಿ. ಪುಸ್ತಕ ಓದಿ ಹೇಳಿ ಅವರಿಗೆ ತಿಳಿಸುವ ಯೋಚನೆ ಸದ್ಯಕ್ಕೆ ಬಿಡಿ. ಯಾರೋ ಅಮೆರಿಕದ ಹೆಂಗಸಿನ ಕತೆ ಕೇಳಿ ಅವರು ‘ಪಾಪ’ ಅನ್ನಬಹುದು. ಇಲ್ಲ, ‘ಇಂಥದ್ದನ್ನೆಲ್ಲ ಯಾಕೆ ಓದ್ತೆ’ ಅಂತ ಬೈಯಬಹುದು. ಎರಡರಲ್ಲೂ ನಿಮ್ಮ ಮಾತು ಹೇಳದೇ ಉಳಿಯುತ್ತದೆ, ನಿಮಗೆ ಮಾತ್ರ ಇನ್ನೊಮ್ಮೆ ನೋವಾಗುತ್ತದೆ. ಮೊದಲು ಸಣ್ಣದೊಂದು ವಿಷಯ ಹೇಳಿ ನೋಡಿ. ‘ಆಯಿ, ನೆಂಟರ ಎದುರು ಯಾರಾದರೂ ನನ್ನ ಮೈ ಬಗ್ಗೆ ಮಾತಾಡಿದರೆ ನೀನೂ ಸೇರಬೇಡ, ನನಗೆ ತುಂಬಾ ನೋವಾಗುತ್ತದೆ.’ ಅದನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೆ ನೋಡಿ. ಕೇಳಿಸಿಕೊಂಡರೆ, ಮುಂದಿನ ಸಲ ನಿಮ್ಮ ಪರ ನಿಂತರೆ, ದೊಡ್ಡದನ್ನು ಕೇಳುವ ಶಕ್ತಿಯೂ ಅವರಲ್ಲಿ ಇರಬಹುದು. ಕೇಳಿಸಿಕೊಳ್ಳದಿದ್ದರೆ, ಅವರಿಗೆ ಹೇಳದೆಯೂ ನೀವು ಗುಣವಾಗಬಹುದು. ಹೇಳಲೇಬೇಕು ಎಂಬ ನಿಯಮ ಇಲ್ಲ. ಹೇಳುವ ದಿನ ಬಂದರೆ ಗೆಳತಿಯನ್ನೋ ಕೌನ್ಸೆಲರನ್ನೋ ಜೊತೆಗೆ ಇಟ್ಟುಕೊಳ್ಳಿ. ಹಬ್ಬದ ಮನೆಯಲ್ಲಿ, ನೆಂಟರಿರುವಾಗ ಬೇಡ. ಬೆಳಿಗ್ಗೆ ಹೋಗಿ ಹೇಳಿ. ಅವತ್ತು ಮನೆಯಲ್ಲಿ ಉಳಿಯುವುದು ಕಷ್ಟ ಅನ್ನಿಸಿದರೆ ಕಾರವಾರಕ್ಕೆ ವಾಪಸ್ ಬರಲು ಬಸ್ಸು ಇರಬೇಕು.